ಊಟ ಸಹಿತ

ಅರೆಕಿಪಾ, 14 ಸೆಪ್ಟೆಂಬರ್ 1994

ದೋನ್ಯಾ ಫೊರ್ತುನಾತಾ ಅವರಿಗೆ,
ಎಲ್ ದೆಸ್ಕಾನ್ಸೊ ತಂಗುಮನೆ, ಕೊಲ್ಪಪಂಪ

"...ಅದಕ್ಕೇ ಕೆಳಗಿನ ಕೋಣೆ ತಗೊಳ್ಳಿ ಅನ್ನೋದು, ಬಿದ್ದವನನ್ನ ಹೊತ್ಕೊಂಡು ಮೆಟ್ಟಿಲು ಹತ್ತೋದು ಯಾರಿಗೂ ಬೇಡ" ಎಂದು ನಿಮ್ಮ ತಂಗುಮನೆಯ ಅಂಗಳದಲ್ಲಿ ಒಂದು ಹೆಂಗಸಿನ ದನಿ ಹೇಳಿತ್ತು. ಮಾತಿನ ಮೊದಲರ್ಧ ನನಗೆ ನೆನಪಿಲ್ಲ. ಆಗ ನಾನು ಬಹಳ ಚಿಕ್ಕವನು. ದನಿ ನಿಮ್ಮದೇ ಇದ್ದರೂ ಇರಬಹುದು. ಆ ಸಲಹೆ ಈಗ ಉಪಯೋಗಕ್ಕೆ ಬಂದಿದೆ.

ಈ ಕ್ರಿಸ್‌ಮಸ್ಸಿಗೆ ಊರಿಗೆ ಬರಬೇಕೆಂದಿದ್ದೇನೆ. ಡಿಸೆಂಬರ್ ಇಪ್ಪತ್ತಮೂರರಿಂದ ನಾಲ್ಕು ರಾತ್ರಿಗೆ ಕೆಳಗಿನ ಅಂತಸ್ತಿನಲ್ಲಿ ಒಂದು ಕೋಣೆ ಬೇಕು. ಇದ್ದುದರಲ್ಲಿ ಅಗ್ಗದ್ದು ಸಾಕು. ಒಂದು ಮಂಚ, ಎರಡು ಕಂಬಳಿ, ಒಂದು ತಗಡಿನ ಬೋಗುಣಿ, ಒಳಗಿನಿಂದ ಚಿಲಕ. ಬಿಸಿನೀರು ಬೇಡ, ಊತಕ್ಕೆ ತಣ್ಣೀರೇ ಒಳ್ಳೆಯದು. ಊಟವೂ ಬೇಡ, ಸೀಮೆಎಣ್ಣೆ ಸ್ಟೌ ಜೊತೆಗೆ ತರುತ್ತೇನೆ. ದರ ತಿಳಿಸಿ.

ನಾನು ಇಲ್ಲಿ ಬಿಳಿಕಲ್ಲಿನ ಗಣಿಯಲ್ಲಿ ಕಲ್ಲು ಒಡೆಯುವವನು. ಗಲಾಟೆ ಮಾಡುವ ಗಿರಾಕಿಯಲ್ಲ.

ನಿಕಾನೋರ್ ತಾಯ್ಪೆ


ಕೊಲ್ಪಪಂಪ, 2 ಅಕ್ಟೋಬರ್

ದೋನ್ ನಿಕಾನೋರ್,

ನಿಮ್ಮ ಕಾಗದ ಲಾರಿಯವನ ಜೇಬಿನಲ್ಲಿ ಒಂದು ವಾರ ಬೆವರಿ ನನ್ನ ಕೈಗೆ ಬಂತು. ಕ್ರಿಸ್‌ಮಸ್ ವಾರಕ್ಕೆ ಕೆಳಗಿನ ಕೋಣೆಗಳನ್ನು ಜನ ಈಸ್ಟರ್ ಮುಗಿಯುತ್ತಲೇ ಹೇಳಿಡುತ್ತಾರೆ. ಆದರೂ ಅಡುಗೆಮನೆಯ ಪಕ್ಕದ್ದು ಖಾಲಿ ಇದೆ. ಗೋಡೆ ಬೆಚ್ಚಗಿರುತ್ತದೆ, ಹೊಗೆ ಬರುತ್ತದೆ. ರಾತ್ರಿಗೆ ಹನ್ನೆರಡು ಸೋಲ್, ಊಟ ಸಹಿತ ಹದಿನೆಂಟು.

ಒಂದು ವಿಷಯ ಮೊದಲೇ ತಿಳಿಸಬೇಕು. ನೀವು ಕಣದಲ್ಲಿ ಹೊಡೆದಾಟಕ್ಕೆ ಯಾರ ಹೆಸರು ಕೂಗುತ್ತೀರಿ? ಕುತೂಹಲಕ್ಕೆ ಕೇಳುತ್ತಿಲ್ಲ. ವರ್ಷದ ಜಗಳವೆಲ್ಲ ಇಪ್ಪತ್ತೈದರಂದು ಕಣದಲ್ಲಿ, ಹಿರಿಯರ ಎದುರು, ಮುಷ್ಟಿಯಲ್ಲಿ ತೀರಬೇಕು. ನನ್ನ ಮೆಟ್ಟಿಲ ಮೇಲಲ್ಲ. ಅದಕ್ಕೇ ಎದುರಾಳಿಗಳಿಬ್ಬರನ್ನು ನಾನು ಒಂದೇ ಪಡಸಾಲೆಯಲ್ಲಿ ಮಲಗಿಸುವುದಿಲ್ಲ. ಹೋದ ವರ್ಷ ಒಬ್ಬ ಸುಳ್ಳು ಹೇಳಿ ಕೋಣೆ ಹಿಡಿದಿದ್ದ. ಬೆಳಿಗ್ಗೆ ಗುಡಿಸುವಾಗ ಅರ್ಧ ಕಿವಿ ಸಿಕ್ಕಿತು. ಅದರ ಒಡೆಯ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು "ಅಮ್ಮಾ, ಅದು ನಂದು, ಕೊಟ್ಬಿಡಿ" ಎಂದ. "ನಾಯಿ ತಗೊಂಡೋಯ್ತಪ್ಪ, ಅದನ್ನೇ ಕೇಳು. ಇನ್ನೊಂದು ಕಿವಿ ಇದ್ಯಲ್ಲ, ನಾಯಿ ಏನಂತು ಅಂತ ಕೇಳಿಸುತ್ತೆ" ಎಂದೆ.

ಇನ್ನು ಊಟದ ಮಾತು. ಪಟ್ಟಣದಲ್ಲಿದ್ದು ಮರೆತಿದ್ದರೆ ನೆನಪಿಸುತ್ತೇನೆ: ಒಂದು ಮಡಕೆಯಲ್ಲಿ ಬೆಂದದ್ದನ್ನು ಉಂಡವರು ಆ ಕ್ರಿಸ್‌ಮಸ್ಸಿಗೆ ಒಬ್ಬರ ಹೆಸರನ್ನೊಬ್ಬರು ಕೂಗುವಂತಿಲ್ಲ. ಆದ್ದರಿಂದ ಗಿರಾಕಿಗಳು ಆ ವಾರ ನನ್ನ ಸಾರು ಕಂಡರೆ ಹೆದರುತ್ತಾರೆ. ನೀವು ಹೆದರಬೇಕಾಗಿಲ್ಲ. ಈ ಮನೆಯಲ್ಲಿರುವುದು ನಾನು, ನನ್ನ ಗಂಡ ಸತುರ್ನಿನೋ, ಇಬ್ಬರೇ. ಅವನ ಹೆಸರು ಕೂಗುವವರು ಈಗ ಯಾರೂ ಉಳಿದಿಲ್ಲ. ಧೈರ್ಯವಾಗಿ ಉಣ್ಣಿ. ಕುರಿತಲೆಯ ಸಾರು ಮಾಡುತ್ತೇನೆ.

ತಾಯ್ಪೆಗಳು ಈ ಸೀಮೆಯಲ್ಲಿ ಕಲ್ಲಿನಷ್ಟಿದ್ದಾರೆ. ನೀವು ಯಾರ ಪೈಕಿ?

ಫೊರ್ತುನಾತಾ


ಅರೆಕಿಪಾ, 21 ಅಕ್ಟೋಬರ್

ದೋನ್ಯಾ ಫೊರ್ತುನಾತಾ,

ಅಡುಗೆಮನೆಯ ಪಕ್ಕದ ಕೋಣೆ ನನಗಿರಲಿ, ಊಟವಿಲ್ಲದ ದರಕ್ಕೆ. ಹೊಗೆ ಅಭ್ಯಾಸವಿದೆ; ಇಲ್ಲಿ ದಿನವೂ ಕಲ್ಲಿನ ಧೂಳು ಕುಡಿಯುತ್ತೇವೆ.

ಕಣದಲ್ಲಿ ಕೂಗಬೇಕಾದ ಹೆಸರನ್ನು ಮುಂಚೆಯೇ ಹೇಳಿದರೆ ಅದು ಸವೆದುಹೋಗುತ್ತದೆ ಎಂದು ನನ್ನ ಅಣ್ಣ ಹೇಳುತ್ತಿದ್ದ. ಒಂದು ಮಾತು ಕೊಡಬಲ್ಲೆ: ನಾನು ಕೂಗುವವನು ನಿಮ್ಮ ಪಡಸಾಲೆಯಲ್ಲಿ ಮಲಗುವ ಗಿರಾಕಿಯಲ್ಲ.

ಗಣಿಯಲ್ಲಿ ನನ್ನ ಜೊತೆಗಾರ ಕಾಸಿಮಿರೋ ಎಂಬವನಿದ್ದಾನೆ. ಕೆಲಸ ಬಿಟ್ಟ ಮೇಲೆ ಕೈಗೆ ಉಣ್ಣೆಬಟ್ಟೆ ಸುತ್ತಿಕೊಂಡು ಇಬ್ಬರೂ ಹೊಡೆದಾಡುತ್ತೇವೆ, ಅಭ್ಯಾಸಕ್ಕೆ. ಮೊನ್ನೆ ಅವನ ಹಲ್ಲೊಂದು ಮುರಿದು ನನ್ನ ಬೆರಳ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. "ಲೇ, ನಿನ್ ಜಗಳ ಯಾರ್ ಜೊತೆನೋ? ನನ್ ಜೊತೆನಾ?" ಎಂದ ರಕ್ತ ಉಗುಳುತ್ತ. "ಸುಮ್ನಿರೋ, ಬಾಯ್ತುಂಬ ಇನ್ನೂ ಇವೆ ನಿಂಗೆ" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಹೊಡೆಯುವ ಹೊತ್ತಿನಲ್ಲಿ ನಾನು ಸ್ವಲ್ಪ ದೂರದಲ್ಲಿ ನಿಂತು ನನ್ನ ಕೈಯನ್ನು ನೋಡುತ್ತಿರುತ್ತೇನೆ. ಅದು ಯಾರೋ ನನ್ನ ಹತ್ತಿರ ಬಿಟ್ಟುಹೋದ ವಸ್ತುವಿನ ಹಾಗೆ ಕಾಣುತ್ತದೆ. ಇದನ್ನು ನಿಮಗೇಕೆ ಬರೆಯುತ್ತಿದ್ದೇನೋ ತಿಳಿಯದು.

ಕೋಣೆಯ ಬಾಗಿಲು ಅಂಗಳಕ್ಕೆ ತೆರೆಯುತ್ತದೆಯೋ ಬೀದಿಗೋ?

ನಿಕಾನೋರ್ ತಾಯ್ಪೆ


ಕೊಲ್ಪಪಂಪ, 6 ನವೆಂಬರ್

ನಿಕಾನೋರ್ ತಾಯ್ಪೆ,

ನೀವು ಯಾರ ಪೈಕಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಭಾನುವಾರದ ಸಂತೆಯಲ್ಲಿ ಉಪ್ಪು ಮಾರುವ ಗ್ರೆಗೋರಿಯಾಳನ್ನು ಕೇಳಿದೆ. "ಅಯ್ಯೋ, ನಿನಗೆ ಗೊತ್ತಾಗ್ಲಿಲ್ವೇನೇ? ಬಾಸಿಲಿಯೋನ ತಮ್ಮ ಅಲ್ವೇ ಅವ್ನು. ಅಣ್ಣನ್ನ ಮಣ್ಣು ಮಾಡಿದ್ ದಿನಾನೇ ಚಿಕ್ಕಮ್ಮ ಲಾರಿ ಹತ್ತಿಸ್ಕೊಂಡು ಹೋದ್ಲು. ಇಷ್ಟುದ್ದ ಇದ್ದ, ಅಳ್ಲೇ ಇಲ್ಲ" ಎಂದಳು. ಕೈಯಲ್ಲಿದ್ದ ಉಪ್ಪಿನ ಗಡ್ಡೆ ಕೆಳಗೆ ಬಿತ್ತು.

ಈಗ ಗೊತ್ತಾಯಿತು ನೀವು ಕೂಗುವ ಹೆಸರು ಯಾವುದು ಎಂದು. ನಿಮ್ಮ ಅಣ್ಣನೇ ಆವತ್ತು ಸತುರ್ನಿನೋನನ್ನು ಕರೆದದ್ದು, ಒಂದು ಕುದುರೆಜೀನಿನ ವಿಷಯಕ್ಕೆ. ಇಬ್ಬರೂ ಕಬ್ಬಿನ ಸಾರಾಯಿ ಕುಡಿದಿದ್ದರು. ನನ್ನ ಗಂಡನ ಏಟು ಕಿವಿಯ ಕೆಳಗೆ ಬಿತ್ತು. ಅದು ಕಣದ ಏಟು. ಬೇಕೆಂದು ಯಾರೂ ಕೊಲ್ಲಲಿಲ್ಲ.

ಅವನು ಈಗ ಹೇಗಿದ್ದಾನೆ ಎಂದು ತಿಳಿದುಕೊಳ್ಳಿ. ಮೂತ್ರಪಿಂಡ ಕೆಟ್ಟಿದೆ. ಪಾದ ಒತ್ತಿದರೆ ಗುಳಿ ಬೀಳುತ್ತದೆ, ಎಷ್ಟೋ ಹೊತ್ತು ಗುಳಿಯಾಗಿಯೇ ಇರುತ್ತದೆ. ಡಾಕ್ಟರು ಉಪ್ಪು ಮುಟ್ಟಬಾರದು ಎಂದಿದ್ದಾರೆ. ಅವನಿಗೆಂದೇ ಬೇರೆ ಮಡಕೆಯಲ್ಲಿ ಉಪ್ಪಿಲ್ಲದ ಗಂಜಿ ಕಾಯಿಸುತ್ತೇನೆ. "ಇದು ಗೋಡೆಗೆ ಬಳಿಯೋದಲ್ವೇನೇ, ನನಗ್ಯಾಕೆ ಕೊಡ್ತೀಯ" ಎನ್ನುತ್ತಲೇ ಕುಡಿಯುತ್ತಾನೆ. ಅಂಥವನ ಹೆಸರು ಕೂಗಿದರೆ ಅವನು ಕೂತಿರುವುದಿಲ್ಲ. ಎದ್ದು ಮೈಮೇಲಿನ ಪೊಂಚೊ ಕಳಚುತ್ತಾನೆ. ಅವನನ್ನು ನಾನು ಬಲ್ಲೆ. ಎದ್ದರೆ ಸಾಯುತ್ತಾನೆ.

ಅವನಿಗೆ ಓದಲು ಬರುವುದಿಲ್ಲ. "ಯಾರದೇ ಕಾಗದ?" ಎಂದು ಕೇಳಿದ. "ಆಲೂಗಡ್ಡೆಯವರದು, ದರ ಏರಿಸಿದಾರಂತೆ" ಎಂದೆ.

ಕೋಣೆ ಇಲ್ಲ.

ಫೊರ್ತುನಾತಾ


ಅರೆಕಿಪಾ, 18 ನವೆಂಬರ್

ದೋನ್ಯಾ ಫೊರ್ತುನಾತಾ,

ನಾನು ಕೇಳಿದ್ದು ಒಂದು ಕೋಣೆಯನ್ನು ಮಾತ್ರ.

ಜೀನಿನ ವಿಷಯ ನನಗೆ ಗೊತ್ತಿರಲಿಲ್ಲ. ಹೋರಿಯ ವಿಷಯ ಎಂದು ಚಿಕ್ಕಮ್ಮ ಹೇಳುತ್ತಿದ್ದಳು. ಯಾವುದಾದರೂ ಅಷ್ಟೇ. ಏಟಿನ ಬಗ್ಗೆ ನನಗೆ ತಕರಾರಿಲ್ಲ. ಕಣಕ್ಕಿಳಿದವರು ಮೊದಲು ಅಪ್ಪಿಕೊಳ್ಳುತ್ತಾರೆ, ಹೊಡೆದಾಡುತ್ತಾರೆ, ಮತ್ತೆ ಅಪ್ಪಿಕೊಳ್ಳುತ್ತಾರೆ. ಆ ಎರಡನೆಯ ಅಪ್ಪುಗೆಯಲ್ಲಿ ಜಗಳ ಸಾಯುತ್ತದೆ. ಬಾಸಿಲಿಯೋ ಬಿದ್ದಾಗ ನಿಮ್ಮ ಗಂಡ ಮೊಣಕಾಲೂರಿ ಅವನನ್ನು ಎತ್ತಿ ಅಪ್ಪಿಕೊಂಡರು. ನಾನು ಬೇಲಿಯ ಸಂದಿನಿಂದ ನೋಡುತ್ತಿದ್ದೆ. ಅಣ್ಣನ ತಲೆ ಹಿಂದಕ್ಕೆ ಜೋತುಬಿತ್ತು. ಚಾವಟಿ ಹಿಡಿದ ಹಿರಿಯ ಬಗ್ಗಿ ನೋಡಿ ಹೇಳಿದ: "ಬಿಡಪ್ಪಾ. ಹೆಣಾನ ಅಪ್ಕೊಂಡ್ರೆ ಲೆಕ್ಕಕ್ಕಿಲ್ಲ."

ಆವತ್ತಿನಿಂದ ಜಗಳ ನನ್ನ ಬಳಿ ಇದೆ. ನಾನು ಕೇಳಿ ಪಡೆದದ್ದಲ್ಲ. ಹೋದ ತಿಂಗಳು ಬಸ್ಸಿನಲ್ಲಿ ಕಂಡಕ್ಟರ್ ಮುಂದೆ ಸರಿಯಿರಿ ಎಂದು ಬೆನ್ನು ಮುಟ್ಟಿದ. ಅವನ ಮುಖವನ್ನು ಕಿಟಕಿಯ ಕಂಬಿಗೆ ಅಪ್ಪಳಿಸಿದೆ. ಎರಡನೆಯ ಸಲವೂ ಅಪ್ಪಳಿಸಿದೆ. ಆತ ಮೆತ್ತಗಿನ, ಪಾಪದ ಮನುಷ್ಯ. ಪೊಲೀಸ್ ಠಾಣೆಯಲ್ಲಿ ಕಾರಣ ಕೇಳಿದರು. ಬೆನ್ನು ಮುಟ್ಟಿದ ಎಂದೆ.

ನೀವು ಕೊಡದಿದ್ದರೆ ಊರಲ್ಲಿ ಬೇರೆ ತಂಗುಮನೆಗಳಿವೆ. ಅವೂ ಇಲ್ಲವೆಂದರೆ ಚೌಕದಲ್ಲಿ ಮಲಗುತ್ತೇನೆ.

ನಿಕಾನೋರ್


ಕೊಲ್ಪಪಂಪ, 30 ನವೆಂಬರ್

ದೋನ್ ನಿಕಾನೋರ್,

ಕೋಣೆ ಇದೆ. ಬೇರೆ ಎರಡು ತಂಗುಮನೆಗಳಲ್ಲಿ ನಿಮಗೆ ಜಾಗವಿಲ್ಲ. ಇಬ್ಬರಿಗೂ ನಾನು ಹೇಳಿಬಂದಿದ್ದೇನೆ. ಒಂದು ನನ್ನ ನಾದಿನಿಯದು. ಇನ್ನೊಂದರವನಿಗೆ ನನ್ನ ಬಾಯಿ ಕಂಡರೆ ಭಯ. ಚೌಕದಲ್ಲಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ, ಮುಷ್ಟಿಯ ಮಾತು ಹಾಗಿರಲಿ.

ಷರತ್ತು ಇಷ್ಟು. ಸ್ಟೌ ತರುವಂತಿಲ್ಲ. ಊಟ ರಹಿತ ಕೋಣೆ ಎಂಬುದು ಈ ವಾರ ನನ್ನ ಮನೆಯಲ್ಲಿ ಇಲ್ಲ. ಊಟ ಸಹಿತ ಆರು ಸೋಲ್. ಅಷ್ಟಕ್ಕೆ ಈ ಬೆಟ್ಟಗಳಲ್ಲಿ ಕುದುರೆಯೂ ತಂಗಲಾರದು. ಬಂದ ಸಂಜೆಯೇ ಎಲ್ಲರ ಎದುರು ಉದ್ದನೆ ಮೇಜಿನಲ್ಲಿ ಕೂತು ನನ್ನ ಸಾರು ಕುಡಿಯಬೇಕು.

ನಾನು ಮುಚ್ಚಿಟ್ಟು ಮಾತಾಡುವುದಿಲ್ಲ. ಯಾಕೆಂದು ನಿಮಗೂ ಗೊತ್ತು. ಸತುರ್ನಿನೋನನ್ನು ಬಿಟ್ಟು ಬೇರೆ ಯಾರನ್ನಾದರೂ ಕರೆಯಿರಿ, ಹೊಡೆಯಿರಿ, ಅಪ್ಪಿಕೊಂಡು ಹೋಗಿ. ಹೊಡೆಸಿಕೊಳ್ಳಲು ಯೋಗ್ಯರಾದವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಮೇಯರನೇ ಇದ್ದಾನೆ, ಅಗಲವಾದ ಮುಖ, ಎಲ್ಲಿ ಹೊಡೆದರೂ ಬೀಳುತ್ತದೆ.

ಒಪ್ಪಿಗೆಯಾದರೆ ಬರೆಯಿರಿ.

ಫೊರ್ತುನಾತಾ


ಅರೆಕಿಪಾ, 10 ಡಿಸೆಂಬರ್

ದೋನ್ಯಾ ಫೊರ್ತುನಾತಾ,

ಊಟ ಸಹಿತ ಆಗಬಹುದು. ಸ್ಟೌ ತರುವುದಿಲ್ಲ. ಇಪ್ಪತ್ತಮೂರಕ್ಕೆ ಲಾರಿ ಇಳಿಯುತ್ತೇನೆ.

ದೋನ್ ಸತುರ್ನಿನೋ ಅವರ ಆರೋಗ್ಯ ಹೇಗಿದೆ? ಡಾಕ್ಟರು ಹೇಳಿದ ಪಥ್ಯ ತಪ್ಪದಂತೆ ನೋಡಿಕೊಳ್ಳಿ.

ನಿಕಾನೋರ್


ಕೊಲ್ಪಪಂಪ, 8 ಜನವರಿ 1995

ನಿಕಾನೋರ್,

ಪಥ್ಯದ ಬಗ್ಗೆ ನೀವು ಬರೆದ ಸಾಲನ್ನು ನಾನು ಒಳ್ಳೆಯತನ ಎಂದು ಓದಿದ್ದೆ. ಮನಸ್ಸು ಬದಲಾಯಿತು, ಪುಣ್ಯಾತ್ಮ, ಎಂದುಕೊಂಡೆ. ಬಂದ ಸಂಜೆ ನೀವು ಎಲ್ಲರೆದುರು ಸಾರು ಕುಡಿದಿರಿ. ಇನ್ನೊಂದು ಬಟ್ಟಲಿಗೆ ನೀವೇ ಕೈಚಾಚಿದಿರಿ. ಆ ರಾತ್ರಿ ನಾನು ಎಷ್ಟೋ ವಾರಗಳ ಮೇಲೆ ನಿದ್ದೆ ಮಾಡಿದೆ.

ಕಣದಲ್ಲಿ ನೀವು ಎಲ್ಲರ ವಾಡಿಕೆಯಂತೆ ಮುಖವಾಡದೊಳಗಿಂದ ಕೀರಲು ದನಿಯಲ್ಲಿ ಅವನ ಹೆಸರು ಕೂಗಿದಾಗ ನನಗೆ ಮೊದಲು ನಗುವೇ ಬಂತು. ಎದ್ದು ಕಿರುಚಿದೆ: "ನನ್ನ ಮಡಕೇಲಿ ಉಂಡಿದಾನೆ ಇವ್ನು. ನೋಡ್ದೋರು ಇಲ್ಲೇ ಇದಾರೆ, ಕೇಳಿ." ಹಿರಿಯ ಚಾವಟಿಯನ್ನು ಅಡ್ಡ ಹಿಡಿದು "ಹೌದೇನಪ್ಪಾ?" ಎಂದ. "ಹೌದಜ್ಜಾ, ಉಂಡಿದೀನಿ. ಚೆನ್ನಾಗಿತ್ತು" ಎಂದಿರಿ. ಜನ ಕೇಕೆ ಹಾಕಿದರು. "ಹಂಗಾದ್ರೆ ಹೋಗಿ ಪಾತ್ರೆ ತೊಳೀ ಹೋಗೋ" ಎಂದು ಯಾರೋ ಕೂಗಿದರು. ನೀವು ಅಲ್ಲಾಡಲಿಲ್ಲ. "ದೋನ್ ಸತುರ್ನಿನೋನ ಕೇಳಿ, ಅವ್ರು ಯಾವ ಮಡಕೇಲಿ ಉಣ್ತಾರೆ ಅಂತ" ಎಂದಿರಿ.

ಬೇರೆ ಮಡಕೆಯ ವಿಷಯ ನಿಮಗೆ ಬರೆದವಳು ನಾನೇ, ಕರುಣೆ ಬರಲಿ ಎಂದು.

ಅವನು ಸುಳ್ಳು ಹೇಳಬಹುದಿತ್ತು. ನಾನು ಅವನ ತೋಳನ್ನು ಉಗುರು ಊರಿ ಹಿಡಿದಿದ್ದೆ. "ನಂದು ಬೇರೆ ಮಡಕೆ. ಉಪ್ಪಿಲ್ದಿದ್ದು" ಎಂದ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಪೊಂಚೊ ಕಳಚಿ ನನ್ನ ಮಡಿಲಿಗೆ ಹಾಕಿದ. ಆಗ ಅವನ ಮುಖ ನೋಡಿದೆ. ಅವನಿಗೆ ಸಂತೋಷವಾಗಿತ್ತು. ಇಷ್ಟು ವರ್ಷ ಅವನ ಪಕ್ಕದಲ್ಲಿ ಮಲಗಿದವಳಿಗೆ, ಅವನೂ ನಿಮಗಾಗಿ ಕಾಯುತ್ತಿದ್ದ ಎಂಬುದು ಗೊತ್ತಾಗಿರಲಿಲ್ಲ.

ಮೊದಲ ಏಟು ಅವನದೇ. ನಿಮ್ಮ ಮುಖವಾಡ ತಿರುಗಿ ಕಣ್ಣಿನ ತೂತು ಕಿವಿಯ ಮೇಲೆ ಬಂತು. ನೀವು ಅದನ್ನು ಕಿತ್ತೆಸೆದಿರಿ. ಆಮೇಲೆ ಎದೆ, ಬಾಯಿ, ಮತ್ತೆ ಬಾಯಿ. ದವಡೆ ಮುರಿದ ಸದ್ದು ನಾನು ಕೂತಲ್ಲಿಗೆ ಕೇಳಿಸಿತು, ಒಣ ಜೋಳದ ತೆನೆ ಮುರಿದ ಹಾಗೆ. ಅವನು ಮಂಡಿಯ ಮೇಲೆ ಬಿದ್ದ, ಆಮೇಲೆ ಅಂಗಾತ. ಹಿರಿಯ ನಿಮ್ಮ ಕಾಲಿಗೆ ಚಾವಟಿ ಬೀಸಿ "ಸಾಕು. ಅಪ್ಕೊಳ್ಳಿ" ಎಂದ. ಸತುರ್ನಿನೋ ನೆಲದ ಮೇಲಿಂದ ಎರಡೂ ಕೈ ಮೇಲೆ ಚಾಚಿದ. ಅಷ್ಟರಲ್ಲಿ ನೀವು ಬೆನ್ನು ತಿರುಗಿಸಿದ್ದಿರಿ. ಜನರನ್ನು ತಳ್ಳಿಕೊಂಡು ಬೇಲಿ ಹಾರಿ ಹೋದಿರಿ. ಕೋಣೆಯಲ್ಲಿ ನಿಮ್ಮ ಕಂಬಳಿ ಮಡಚಿದ ಹಾಗೇ ಇತ್ತು.

ಅವನು ಬದುಕಿದ್ದಾನೆ. ದವಡೆಯನ್ನು ಬಟ್ಟೆಯಿಂದ ತಲೆಗೆ ಕಟ್ಟಿದ್ದಾರೆ. ಬೈಯಲೂ ಆಗುವುದಿಲ್ಲ ಅವನಿಗೆ. ಬಾಗಿಲ ಸದ್ದಾದಾಗಲೆಲ್ಲ ಆ ಕಡೆ ನೋಡುತ್ತಾನೆ, ಬಂದವಳು ನಾನು ಎಂದು ತಿಳಿದೊಡನೆ ಗೋಡೆಯತ್ತ ತಿರುಗುತ್ತಾನೆ. ಬನ್ನಿ. ಹೊಡೆದದ್ದಕ್ಕೆ ನಾನು ಏನೂ ಅನ್ನುವುದಿಲ್ಲ. ತಿರಸ್ಕಾರ ಮಾಡಿ ಹೋದದ್ದನ್ನೂ ಎತ್ತುವುದಿಲ್ಲ. ಅಪ್ಪಿಕೊಂಡು ಹೋಗಿ. ಆ ಕೋಣೆಗೆ ಬೇರೆ ಯಾರನ್ನೂ ಹಾಕಿಲ್ಲ.

ಫೊರ್ತುನಾತಾ


ಅರೆಕಿಪಾ, 16 ಫೆಬ್ರವರಿ

ದೋನ್ಯಾ ಫೊರ್ತುನಾತಾ,

ನಿಮ್ಮ ಕಾಗದ ನಿನ್ನೆ ಬಂತು. ಮಳೆಗೆ ಸೇತುವೆ ಕೊಚ್ಚಿಹೋಗಿ ಅಂಚೆ ಕುಸ್ಕೋ ಸುತ್ತಿಕೊಂಡು ಬರುತ್ತಿದೆಯಂತೆ. ಅವರು ಬದುಕಿದ್ದಾರೆ ಎಂಬ ಸಾಲನ್ನು ನಿಂತು ಓದಿದೆ. ಆಮೇಲೆ ಕಲ್ಲಿನ ಮೇಲೆ ಕೂತು ಮತ್ತೆ ಓದಿದೆ.

ತಿರಸ್ಕಾರವಲ್ಲ. ಮೊದಲ ಅಪ್ಪುಗೆಯಲ್ಲಿ ಅವರು ನನ್ನ ಕಿವಿಯಲ್ಲಿ ಹೇಳಿದ್ದು ನಿಮಗೆ ಕೇಳಿಸಿರಲಾರದು. "ಬಂದ್ಯಾ? ತಡ ಮಾಡ್ದೆ ಕಣೋ. ಮೆಲ್ಲಗೆ ಹೊಡೀಬೇಡ, ಜನ ನಗ್ತಾರೆ" ಎಂದರು. ಅವರ ಬೆನ್ನ ಮೇಲೆ ನನ್ನ ಕೈಯಿತ್ತು, ಎಲುಬುಗಳು ಬೆರಳಿಗೆ ಸಿಕ್ಕುತ್ತಿದ್ದವು. ಮೆಲ್ಲಗೆ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಈ ಸಲ ದೂರ ನಿಂತು ನೋಡುತ್ತಿರಲಿಲ್ಲ ನಾನು. ಕೈ ನನ್ನದೇ ಆಗಿತ್ತು, ಮೊದಲ ಬಾರಿಗೆ.

ಅವರು ಬಿದ್ದಾಗ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು. ಸತ್ತರು ಎಂದುಕೊಂಡೆ. ಕೈ ಚಾಚಿದ್ದನ್ನು ನೋಡಲಿಲ್ಲ. ನಾನು ಬಗ್ಗಿ ಅಪ್ಪಿಕೊಂಡು, ಆ ಹಿರಿಯ ಮತ್ತೆ ಅದೇ ಮಾತು ಹೇಳಿದರೆ ಇನ್ನೊಮ್ಮೆ ಕೇಳಲಾರೆ ಎನ್ನಿಸಿತು. ಅದಕ್ಕೇ ಓಡಿದೆ.

ನನ್ನ ಹೆಂಡತಿ ದೆಲ್ಫಿನಾಳ ಬಗ್ಗೆ ನಿಮಗೆ ಬರೆದಿರಲಿಲ್ಲ. ಅವಳೂ ಗಣಿಯವಳೇ, ಕಲ್ಲು ಹೊರುತ್ತಾಳೆ. ತೋಳು ನನ್ನದಕ್ಕಿಂತ ಗಟ್ಟಿ. ಲಾರಿ ಇಳಿದ ನನ್ನ ಕೈಗಳನ್ನು ನೋಡಿ "ಅಪ್ಕೊಂಡ್ಯಾ?" ಎಂದಷ್ಟೇ ಕೇಳಿದಳು. ಇಲ್ಲ ಎಂದೆ. "ಹಂಗಾದ್ರೆ ಅದನ್ನ ಇಲ್ಲಿಗ್ಯಾಕೆ ತಂದೆ?" ಎಂದಳು. ಅಂದಿನಿಂದ ಗೋಡೆಯ ಆಚೆ ಮಲಗುತ್ತಾಳೆ.

ಸೇತುವೆ ಸರಿಯಾದ ದಿನವೇ ಹೊರಡುತ್ತೇನೆ. ಕೋಣೆ ಯಾವುದಾದರೂ ಸರಿ, ದರ ಎಷ್ಟಾದರೂ ಸರಿ. ಬರುತ್ತಿದ್ದೇನೆ ಎಂದು ಅವರಿಗೆ ಹೇಳಿ.

ನಿಕಾನೋರ್


ಕೊಲ್ಪಪಂಪ, 7 ಮಾರ್ಚ್

ನಿಕಾನೋರ್,

ಹೇಳಲಾಗಲಿಲ್ಲ. ಸತುರ್ನಿನೋ ಬೂದಿ ಬುಧವಾರದ ಬೆಳಿಗ್ಗೆ ಹೋದ. ನಿಮ್ಮ ಕಾಗದ ಬಂದದ್ದು ಶನಿವಾರ. ಆದರೂ ಗೋರಿಯ ಹತ್ತಿರ ಹೋಗಿ ಗಟ್ಟಿಯಾಗಿ ಓದಿದೆ. ನೀವು ಓಡಿದ್ದು ಭಯಕ್ಕೆ ಎಂಬ ಭಾಗವನ್ನು ಎರಡು ಸಲ ಓದಿದೆ. ಅವನಿಗೆ ಅದು ಬೇಕಾಗಿತ್ತು. ನನಗೂ.

ಮಣ್ಣು ಮುಗಿದ ಮೇಲೆ, ಈ ಜಗಳ ತೀರಿತೇ ಎಂದು ಹಿರಿಯನನ್ನು ಕೇಳಿದೆ. ಅಗಿಯುತ್ತಿದ್ದ ಕೋಕಾ ಎಲೆಯನ್ನು ಇನ್ನೊಂದು ಕೆನ್ನೆಗೆ ಸರಿಸಿದ. "ಹೊಡೆದಾಟ ಆಗಿದೆ, ಅಪ್ಪುಗೆ ಆಗಿಲ್ಲ. ಅಂದ್ರೆ ಜಗಳ ಇದೆಯಮ್ಮಾ" ಎಂದ.

"ಯಾರ ಹತ್ರ ಇದೆ?"

"ನಿಮಗೆ ಮಕ್ಕಳಿಲ್ಲ. ನಿನ್ನ ಹತ್ರಾನೇ."

"ಅವನ ಎದುರು ನಾನು ನಿಂತ್ಕೋಬಹುದಾ?"

"ಗಂಡಸಿನ ಎದುರು ಹೆಂಗಸು ನಿಲ್ಲೋದಿಲ್ಲ. ಅವನ ಮನೆ ಹೆಂಗಸು ಬರಬೇಕು."

ಅವನು ಹೇಳುವ ಮೊದಲೇ ನನಗೆ ಗೊತ್ತಿತ್ತು, ಅದು ನನ್ನ ಬಳಿ ಬಂದಿದೆ ಎಂದು. ಮೊನ್ನೆ ಮಾಂಸದಂಗಡಿಯವಳು ತೂಕ ಹಾಕುತ್ತ "ಈಗ ಒಬ್ಬಳಿಗೆ ಇಷ್ಟು ಸಾಕಲ್ವಾ ಅಕ್ಕಾ" ಎಂದಳು. ಮರುಗಿ ಹೇಳಿದ್ದು ಅವಳು. ನಾನು ಅವಳ ಎರಡೂ ಜಡೆ ಹಿಡಿದು ಕಟ್ಟೆಗೆ ಹಣೆ ಚಚ್ಚಿದೆ. ಜನ ಬಿಡಿಸಿದಾಗ ನನ್ನ ಮುಷ್ಟಿಯಲ್ಲಿ ಕೂದಲಿತ್ತು. ನೀವು ಆ ಕಂಡಕ್ಟರನ ಬಗ್ಗೆ ಬರೆದದ್ದು ಆಗ ಅರ್ಥವಾಯಿತು. ಹೀಗೇ ಬಿಟ್ಟರೆ ನಾನು ಯಾರನ್ನಾದರೂ ಕೊಲ್ಲುತ್ತೇನೆ.

ಇನ್ನು ಮುಂದಿನದು ನಿಮಗಲ್ಲ. ಅವಳಿಗೆ ಓದಿ ಹೇಳಿ, ಏನೂ ಬಿಡಬೇಡಿ.

ದೆಲ್ಫಿನಾ, ನಿನ್ನನ್ನು ನಾನು ನೋಡಿಲ್ಲ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ನನಗೆ ಐವತ್ತು ದಾಟಿದೆ, ಹಲ್ಲು ಕೆಲವೇ ಉಳಿದಿವೆ, ಎಡಗೈ ಏಟು ಈಗಲೂ ಬಿರುಸಾಗಿದೆ. ಅದು ಬರುವಾಗ ಮುಖ ತಗ್ಗಿಸಿಕೋ. ನಾನು ನಿನ್ನ ಹೆಸರನ್ನು ಚೆನ್ನಾಗಿ ಕೂಗುತ್ತೇನೆ, ಇಡೀ ಕಣಕ್ಕೆ ಕೇಳಿಸುವ ಹಾಗೆ. ಈ ಡಿಸೆಂಬರಿನಲ್ಲಿ ಬಂದು ನನ್ನನ್ನು ಹೊಡೆದು, ನನ್ನಿಂದ ಹೊಡೆಸಿಕೊಂಡು, ಕೊನೆಗೆ ಓಡಿಹೋಗದೆ ನಿಂತು ನನ್ನನ್ನು ಅಪ್ಪಿಕೊಳ್ಳುತ್ತೀಯಾ, ತಂಗೀ?